ನಮ್ಮ ಉತ್ತರ ಪತ್ರಿಕೆ ನಮಗೆ ತೋರಿಸಿ!

ಅಂತಿಮ ಸೆಮಿಸ್ಟರ್ ಫಲಿತಾಂಶದ ಗೋಜಲಿನ ವಿರುದ್ಧ ಪದವಿ ವಿದ್ಯಾರ್ಥಿಗಳ ಶಾಂತಿಯುತ ಧರಣಿ
ಬರುವ ಸೋಮವಾರ, ಬೆಳಿಗ್ಗೆ 10.30ಕ್ಕೆ
ವಿಶ್ವವಿದ್ಯಾಲಯದ ಪರೀಕ್ಷಾ ಭವನದ ಮುಂದೆ

ವಿದ್ಯಾರ್ಥಿ ಮಿತ್ರರೇ, ಪೋಷಕರೇ, ಗುರುಗಳೇ,

ಅಂತಿಮ ಸೆಮಿಸ್ಟರ್ ಫಲಿತಾಂಶ ಬಂದಿದೆ. ಐದು ಸೆಮಿಸ್ಟರ್‌ಗಳಲ್ಲಿ ಒಂದು ವಿಷಯವನ್ನೂ ಬಾಕಿ ಉಳಿಸಿಕೊಳ್ಳದವರು ಆರನೆಯದರಲ್ಲಿ ಒಂದೇ ಒಂದು ಪತ್ರಿಕೆಯಲ್ಲಿ ಫೇಲಾಗಿದ್ದಾರೆ. ಇಂಟರ್ನಲ್‌ನಲ್ಲಿ ತರಗತಿಗೇ ಮುಂದಿದ್ದವರಿಗೆ ಥಿಯರಿಯಲ್ಲಿ ಒಂದಂಕಿ ಬಂದಿದೆ. ಮೂರು ಗಂಟೆ ಕೂತು ಬರೆದವರ ಹೆಸರಿನ ಮುಂದೆ ‘ಆಬ್ಸೆಂಟ್’ ಎಂದು ಬಿದ್ದಿದೆ. ಯಾಕೆ ಹೀಗೆ ಎಂದು ಕೇಳಹೋದರೆ ಕಾಲೇಜಿನವರು “ಯೂನಿವರ್ಸಿಟಿಗೆ ಹೋಗಿ” ಅನ್ನುತ್ತಾರೆ. ಯೂನಿವರ್ಸಿಟಿ ಕೌಂಟರಿನವರು “ಪ್ರಿನ್ಸಿಪಾಲರ ಪತ್ರ ತನ್ನಿ” ಅನ್ನುತ್ತಾರೆ. ಪತ್ರ ತಂದರೆ “ಪೋರ್ಟಲ್‌ನಲ್ಲಿ ಅಪ್‌ಡೇಟ್ ಆಗುತ್ತೆ, ಕಾಯಿರಿ” ಅನ್ನುತ್ತಾರೆ. ಕಾಯುತ್ತಾ ಕೂತರೆ ರೀವ್ಯಾಲ್ಯುಯೇಷನ್ ಅರ್ಜಿಯ ಕೊನೆಯ ದಿನ ದಾಟಿಹೋಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನಾವು ಗ್ರೇಸ್ ಮಾರ್ಕ್ಸ್ ಕೇಳುತ್ತಿಲ್ಲ. ಎಲ್ಲರನ್ನೂ ಪಾಸು ಮಾಡಿ ಎನ್ನುತ್ತಿಲ್ಲ. ಓದದೆ ಫೇಲಾದವರಿಗೆ ಈ ಹೋರಾಟದಿಂದ ಏನೂ ಸಿಗುವುದಿಲ್ಲ, ಸಿಗಲೂಬಾರದು. ನಾವು ಬರೆದದ್ದನ್ನು ಓದಿ ಅಂಕ ಕೊಟ್ಟಿದ್ದೀರಿ ಎಂಬುದನ್ನು ತೋರಿಸಿ ಎಂದಷ್ಟೇ ಕೇಳುತ್ತಿದ್ದೇವೆ.

■ ಏನಾಗಿದೆ? ನೀವೇ ನೋಡಿ

ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳ ಬುಕ್‌ಲೆಟ್‌ನ ಜೆರಾಕ್ಸ್ ನಮ್ಮ ಮುಂದಿದೆ. ಕೊನೆಯ ವಿಭಾಗದ ದೊಡ್ಡ ಲೆಕ್ಕ. ಪುಟದ ತಳದಲ್ಲಿ ‘ಪಿ.ಟಿ.ಓ.’ ಎಂದು ಬರೆದು, ಲೆಕ್ಕವನ್ನು ಹಿಂಬದಿಯ ಪುಟದಲ್ಲಿ ಮುಗಿಸಿದ್ದಾಳೆ. ಮುಂಬದಿಯಲ್ಲಿ ಕೆಂಪು ಶಾಯಿಯ ಗುರುತುಗಳಿವೆ. ಹಿಂಬದಿಯಲ್ಲಿ ಒಂದು ಗೀಟೂ ಇಲ್ಲ. ಟಿಕ್ ಇಲ್ಲ, ಇಂಟೂ ಇಲ್ಲ, ಸೊನ್ನೆ ಸಹ ಇಲ್ಲ. ಬ್ಯಾಲೆನ್ಸ್ ಶೀಟಿನ ಎರಡೂ ಕಡೆ ತಾಳೆಯಾಗಿ, ಅಡಿಯಲ್ಲಿ ಜೋಡಿಗೆರೆ ಎಳೆದಿರುವ ಪುಟ ಅದು. ಮುಖಪುಟದ ಅಂಕಪಟ್ಟಿಯಲ್ಲಿ ಆ ಪ್ರಶ್ನೆಯ ಎದುರು ಇರುವುದು 4. ಅವಳು ಫೇಲಾಗಿರುವುದು 3 ಅಂಕದಿಂದ. ಹಾಳೆ ತಿರುಗಿಸದೇ ಹೋದ ಒಂದು ಕ್ಷಣಕ್ಕೆ ಅವಳ ಒಂದು ವರ್ಷ ಹೋಗುವುದರಲ್ಲಿದೆ.

‘ಆಬ್ಸೆಂಟ್’ ಕಥೆ ಇದಕ್ಕಿಂತ ವಿಚಿತ್ರ. ಪರೀಕ್ಷಾ ಕೊಠಡಿಯಲ್ಲಿ ನಾವೆಲ್ಲ ಹಾಜರಿ ಹಾಳೆಗೆ ಸಹಿ ಹಾಕುತ್ತೇವೆ. ಪಕ್ಕದಲ್ಲೇ ಬುಕ್‌ಲೆಟ್ ಸಂಖ್ಯೆ ಬರೆಯುತ್ತೇವೆ. ಕೊಠಡಿ ಮೇಲ್ವಿಚಾರಕರು ನಮ್ಮ ಹಾಲ್ ಟಿಕೆಟ್ ನೋಡಿ ಸಹಿ ಮಾಡುತ್ತಾರೆ. ಆ ಹಾಳೆಯನ್ನು ತೆಗೆದು ನೋಡಲು ಐದು ನಿಮಿಷ ಸಾಕು. ಆದರೂ ಹಾಜರಿದ್ದನ್ನು ರುಜುವಾತು ಮಾಡುವ ಹೊಣೆ ವಿದ್ಯಾರ್ಥಿಯ ತಲೆಯ ಮೇಲೆ ಬಿದ್ದಿದೆ. ತಾಲ್ಲೂಕಿನಿಂದ ಬಸ್ಸು ಹತ್ತಿ ಬರಬೇಕಾದವನು ಅವನೇ.

ಕನ್ನಡ ಮಾಧ್ಯಮದವರ ಪಾಡು ಬೇರೆಯೇ. ಪ್ರಶ್ನೆಪತ್ರಿಕೆಯ ಒಂದು ವಿಭಾಗದಲ್ಲಿ ಇಂಗ್ಲಿಷಿನ ಸೂಚನೆ ‘ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಎಂದಿದ್ದರೆ, ಕನ್ನಡದ ಸೂಚನೆ ‘ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ’ ಎಂದಿತ್ತು. ಇಂಗ್ಲಿಷ್ ಓದಿದವರು ನಾಲ್ಕು ಬರೆದು ಮುಂದೆ ಹೋದರು. ಕನ್ನಡ ನಂಬಿದವರು ಆರೂ ಬರೆದು, ಕೊನೆಯ 15 ಅಂಕದ ಪ್ರಶ್ನೆಗೆ ಸಮಯ ಸಾಲದೆ ಎದ್ದು ಬಂದರು. ಸಂಶಯ ಬಂದರೆ ಇಂಗ್ಲಿಷನ್ನೇ ನೋಡಿಕೊಳ್ಳಿ ಎಂಬ ಉತ್ತರ ಸಿಕ್ಕಿತು. ಇಂಗ್ಲಿಷನ್ನೇ ನೋಡಿಕೊಳ್ಳುವುದಾದರೆ ಕನ್ನಡ ಮಾಧ್ಯಮ ಎಂದು ಯಾಕೆ ಪ್ರವೇಶ ಕೊಟ್ಟಿರಿ?

ಇನ್ನು ಸಿಲೆಬಸ್. ರಾಜ್ಯದಲ್ಲಿ 2021ರಲ್ಲಿ ಎನ್‌ಇಪಿ ಬಂತು. 2024ರಲ್ಲಿ ಅದು ಹೋಗಿ ಎಸ್‌ಇಪಿ ಬಂತು. ಹಳೆಯ ಸ್ಕೀಮಿನ ರಿಪೀಟರ್‌ಗಳು, ಹೊಸ ಸ್ಕೀಮಿನವರು ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ಪತ್ರಿಕೆ ಬರೆಯಬೇಕಾಯಿತು. ಹೆಸರು ಒಂದೇ, ಕೋಡ್ ಬೇರೆ. ಪ್ರಶ್ನೆಪತ್ರಿಕೆ ತಯಾರಿಸುವವರೇ ಗೊಂದಲಕ್ಕೆ ಬಿದ್ದು ತೆಗೆದುಹಾಕಿದ ಘಟಕದಿಂದ ಪ್ರಶ್ನೆ ಕೇಳಿದರೆ, ಆ ಅಂಕ ಯಾರ ಖಾತೆಯಿಂದ ಹೋಗಬೇಕು? ಈಗ ಹೋಗಿರುವುದು ನಮ್ಮ ಖಾತೆಯಿಂದ.

■ ಶುಲ್ಕ ಮೊದಲು, ಉತ್ತರ ಪತ್ರಿಕೆ ಆಮೇಲೆ!

ಇಷ್ಟೆಲ್ಲ ಆದಮೇಲೂ ದಾರಿ ಇದೆ, ರೀವ್ಯಾಲ್ಯುಯೇಷನ್‌ಗೆ ಹಾಕಿ ಎನ್ನುತ್ತಾರೆ. ಆ ದಾರಿ ಹೇಗಿದೆ ನೋಡಿ. ಫೋಟೋಕಾಪಿಗೆ ಒಂದು ಶುಲ್ಕ, ರೀಟೋಟಲಿಂಗ್‌ಗೆ ಇನ್ನೊಂದು, ರೀವ್ಯಾಲ್ಯುಯೇಷನ್‌ಗೆ ಮತ್ತೊಂದು. ಪ್ರತಿ ಪತ್ರಿಕೆಗೂ ನೂರಾರು ರೂಪಾಯಿ. ಫೋಟೋಕಾಪಿ ಕೈಗೆ ಬರುವ ಹೊತ್ತಿಗೆ ರೀವ್ಯಾಲ್ಯುಯೇಷನ್ ಗಡುವು ಮುಗಿದಿರುತ್ತದೆ. ಹಾಗಾಗಿ ಏನು ತಪ್ಪಾಗಿದೆ ಎಂದು ತಿಳಿಯುವ ಮೊದಲೇ ದುಡ್ಡು ಕಟ್ಟಬೇಕು. ಅಂಕ ಹೆಚ್ಚಾದರೆ ತಪ್ಪು ವಿಶ್ವವಿದ್ಯಾಲಯದ್ದು ಎಂದು ಸಾಬೀತಾದಂತೆ ತಾನೇ? ಆಗಲೂ ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ದುಡ್ಡಿರುವವರು ನಾಲ್ಕು ಪತ್ರಿಕೆಗೂ ಹಾಕುತ್ತಾರೆ, ಒಂದರಲ್ಲಾದರೂ ಅಂಕ ಬರುತ್ತದೆ. ಕೂಲಿ ಮಾಡಿ ಓದಿಸುವ ಮನೆಯ ಹುಡುಗಿ ಯಾವುದಕ್ಕೆ ಹಾಕಲಿ ಎಂದು ಲೆಕ್ಕ ಹಾಕುತ್ತಾ ಕೊನೆಗೆ ಯಾವುದಕ್ಕೂ ಹಾಕದೆ ಸುಮ್ಮನಾಗುತ್ತಾಳೆ. ಒಂದೇ ತಪ್ಪಿಗೆ ಒಬ್ಬರಿಗೆ ಪರಿಹಾರ, ಇನ್ನೊಬ್ಬರಿಗೆ ಮುಂದಿನ ವರ್ಷದ ಪರೀಕ್ಷಾ ಶುಲ್ಕ. ಅಂತಿಮ ಸೆಮಿಸ್ಟರ್‌ನಲ್ಲಿ ಇದರ ಹೊಡೆತ ಹೆಚ್ಚು. ಬಿ.ಇಡಿ., ಎಂ.ಎ., ಎಲ್‌ಎಲ್‌ಬಿ ಪ್ರವೇಶ ಕಾಯುವುದಿಲ್ಲ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಕೆಲಸ ಕೊಟ್ಟ ಕಂಪನಿ ಕಾಯುವುದಿಲ್ಲ. ಪದವಿಯನ್ನೇ ಅರ್ಹತೆಯಾಗಿ ಕೇಳುವ ಸರ್ಕಾರಿ ನೇಮಕಾತಿಗಳೂ ಕಾಯುವುದಿಲ್ಲ.

■ ಕಾನೂನು ಏನು ಹೇಳುತ್ತದೆ?

ಕೌಂಟರಿನಲ್ಲಿ “ಉತ್ತರ ಪತ್ರಿಕೆ ಗೌಪ್ಯ ದಾಖಲೆ” ಎಂದರೆ ಹೆದರಬೇಡಿ. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದಲ್ಲಿ (ಸಿವಿಲ್ ಅಪೀಲು 6454/2011) ಈ ವಾದವನ್ನು ತಳ್ಳಿಹಾಕಿದೆ. ಮೌಲ್ಯಮಾಪನವಾದ ಉತ್ತರ ಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯಡಿ ‘ಮಾಹಿತಿ’ಯೇ, ಬರೆದ ವಿದ್ಯಾರ್ಥಿಗೆ ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕಿದೆ. ಪರೀಕ್ಷಕರ ಹೆಸರು, ಸಹಿ ಮುಚ್ಚಿ ಕೊಡಬೇಕು ಎಂದೂ ತೀರ್ಪು ಹೇಳಿದೆ. ನಮಗೂ ಅವರ ಹೆಸರು ಬೇಡ.

2019ರಲ್ಲಿ ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣ ಇದೇ ಕೋರ್ಟಿಗೆ ಬಂತು. ಸಂಸ್ಥೆ ಒಂದು ವಿಷಯದ ಉತ್ತರ ಪತ್ರಿಕೆಯ ಪ್ರತಿಗೆ 500 ರೂಪಾಯಿ ಕೇಳುತ್ತಿತ್ತು. ವಿದ್ಯಾರ್ಥಿ ಮಾಹಿತಿ ಹಕ್ಕಿನಡಿ ಕೇಳಿದರೆ ಆ ಕಾಯ್ದೆಯ ನಿಯಮದ ಶುಲ್ಕವನ್ನಷ್ಟೇ ತೆಗೆದುಕೊಳ್ಳಬೇಕು ಎಂದು ಕೋರ್ಟ್ ಹೇಳಿತು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. 40 ಪುಟದ ಬುಕ್‌ಲೆಟ್‌ಗೆ 80 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರಿಗೆ ಅದೂ ಇಲ್ಲ.

ಇನ್ನೊಂದು ಅಸ್ತ್ರ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಗಳು. ಪಾರದರ್ಶಕವಲ್ಲದ, ನ್ಯಾಯವಲ್ಲದ ಮೌಲ್ಯಮಾಪನವೂ ‘ಕುಂದುಕೊರತೆ’ ಎಂದು ಅದರಲ್ಲೇ ಬರೆದಿದೆ. ದೂರು ತಲುಪಿದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದರಿಂದ ಸಮಾಧಾನವಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು.

ಆದರೆ ಎರಡು ಮಾತು ನೆನಪಿರಲಿ. ಒಂದು, “ನನಗೆ ಅಂಕ ಕಡಿಮೆ ಬಂದಿದೆ, ಮತ್ತೆ ತಿದ್ದಿ” ಎಂದಷ್ಟೇ ಬರೆದರೆ ಒಂಬುಡ್ಸ್‌ಪರ್ಸನ್ ಆ ಅರ್ಜಿಯನ್ನು ಎತ್ತಿಕೊಳ್ಳುವಂತಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸಬೇಕು. ಎರಡು, ಕೋರ್ಟುಗಳು ತಾವೇ ಕೂತು ಉತ್ತರ ಪತ್ರಿಕೆ ತಿದ್ದುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅನುಮಾನವಿದ್ದಲ್ಲಿ ಅದರ ಲಾಭ ಪರೀಕ್ಷೆ ನಡೆಸುವವರಿಗೇ ಎಂದಿದೆ. ಹಾಗಾದರೆ ನಮ್ಮ ಬಲ ಇರುವುದೆಲ್ಲಿ? ದಾಖಲೆಯಲ್ಲಿ. ಯಾವ ಪುಟ, ಯಾವ ಪ್ರಶ್ನೆ, ಯಾವ ಕೂಡಿಕೆ ತಪ್ಪು ಎಂದು ಬೆರಳಿಟ್ಟು ತೋರಿಸಿದರೆ ಅಲ್ಲಿ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಹಾಗೆ ತೋರಿಸಬೇಕಾದರೆ ಮೊದಲು ಪತ್ರಿಕೆ ನಮ್ಮ ಕೈಗೆ ಬರಬೇಕು. ಈ ಹೋರಾಟದ ಮೊದಲ ಬೇಡಿಕೆ ಅದೇ ಆಗಿರುವುದು ಇದಕ್ಕೇ.

■ “ಇದೆಲ್ಲ ಆಗುವ ಮಾತಲ್ಲ” ಎನ್ನುವವರಿಗೆ

2024ರ ಏಪ್ರಿಲ್‌ನಲ್ಲಿ ನಡೆದ ನಮ್ಮ ಸಿಇಟಿಯನ್ನು ನೆನಪಿಸಿಕೊಳ್ಳಿ. ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳಿದ್ದಾರೆಂದು ಪಿಯುಸಿ ಮಕ್ಕಳು, ಪೋಷಕರು ದನಿ ಎತ್ತಿದರು. ತಜ್ಞರ ಸಮಿತಿ ಕೂತಿತು. ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ನಡೆಯಿತು. ಲಕ್ಷಾಂತರ ಮಕ್ಕಳು ಬರೆದ ಪರೀಕ್ಷೆಯಲ್ಲಿ ಆಗುವುದಾದರೆ ನಮ್ಮಲ್ಲಿ ಯಾಕೆ ಆಗದು?

ಅದೇ ವರ್ಷದ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಅನುವಾದದ ತಪ್ಪುಗಳು ಬಯಲಿಗೆ ಬಂದು, ಮರುಪರೀಕ್ಷೆ ಮಾಡಿ ಎಂದು ಸರ್ಕಾರ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆಯೂ ನಡೆಯಿತು. ಅದರಲ್ಲೂ ಅನುವಾದದ ತಪ್ಪುಗಳು ಕಂಡು ಮತ್ತೆ ಕೂಗು ಎದ್ದಿತು. ಹೋರಾಟ ಒಂದೇ ದಿನಕ್ಕೆ ಮುಗಿಯುವುದಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

1983ರಷ್ಟು ಹಿಂದೆಯೇ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಕೀ ಉತ್ತರ ತಪ್ಪೆಂದು ಸ್ಪಷ್ಟವಾಗಿ ತೋರಿಸಿದ ಮೇಲೆ, ಪಠ್ಯಪುಸ್ತಕದ ಪ್ರಕಾರ ಸರಿ ಉತ್ತರ ಬರೆದ ವಿದ್ಯಾರ್ಥಿಯನ್ನು ದಂಡಿಸುವಂತಿಲ್ಲ.

ತಪ್ಪನ್ನು ಸಮಯಕ್ಕೆ ಸರಿಪಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈ ವಿಶ್ವವಿದ್ಯಾಲಯವನ್ನು ನೋಡಿ. 2017ರಲ್ಲಿ ಅಲ್ಲಿ ಸಾಕಷ್ಟು ತಯಾರಿಯಿಲ್ಲದೆ ಎಲ್ಲ ಪತ್ರಿಕೆಗಳನ್ನೂ ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸಲು ಹೊರಟರು. ಒಂದಾದ ಮೇಲೊಂದು ಗಡುವು ತಪ್ಪಿತು, ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು. ಕೊನೆಗೆ ಅಕ್ಟೋಬರ್‌ನಲ್ಲಿ ಅಲ್ಲಿನ ಕುಲಪತಿಯನ್ನೇ ರಾಜ್ಯಪಾಲರು ಹುದ್ದೆಯಿಂದ ತೆಗೆದುಹಾಕಿದರು. ನಮ್ಮ ವಿಶ್ವವಿದ್ಯಾಲಯ ಅಲ್ಲಿಯತನಕ ಹೋಗುವುದು ಬೇಡ. ಈಗಲೇ ಸರಿಪಡಿಸಿ ಎಂದು ನಾವೇ ಬಾಗಿಲಿಗೆ ಬಂದು ಹೇಳುತ್ತಿದ್ದೇವೆ.

■ ಗುರುಗಳೇ, ಈ ಹೋರಾಟ ನಿಮ್ಮ ವಿರುದ್ಧವಲ್ಲ

ಮೌಲ್ಯಮಾಪನ ಕೇಂದ್ರದಲ್ಲಿ ಏನು ನಡೆಯುತ್ತದೆಂದು ನಮಗೂ ಗೊತ್ತಿದೆ. ಬೆಳಿಗ್ಗೆ ಕಟ್ಟು ಬರುತ್ತದೆ, ಸಂಜೆಯೊಳಗೆ ಮುಗಿಸಬೇಕು. ಫ್ಯಾನಿಲ್ಲದ ಹಾಲ್, ಫಲಿತಾಂಶ ಬೇಗ ಕೊಡಿ ಎಂಬ ಒತ್ತಡ, ಬಾಕಿ ಉಳಿದ ಸಂಭಾವನೆ. ಸರ್ಕಾರಿ ಪದವಿ ಕಾಲೇಜುಗಳ ಪಾಠ, ಮೌಲ್ಯಮಾಪನ ಎರಡನ್ನೂ ಹೊತ್ತಿರುವವರಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ತಿಳಿಯದವರು. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಅವರು ವಾರಗಟ್ಟಲೆ ಬೀದಿಯಲ್ಲಿ ಕೂತಿದ್ದನ್ನು ನಾವು ಕಂಡಿದ್ದೇವೆ. ಅವಸರದಲ್ಲಿ ತಿದ್ದಿಸಿದರೆ ಪುಟ ತಪ್ಪದೇ ಇರುತ್ತದೆಯೇ? ಹಾಗಾಗಿ ನಮ್ಮ ಬೇಡಿಕೆಗಳಲ್ಲಿ ನಿಮ್ಮದೂ ಒಂದಿದೆ. ನೀವೂ ಬಂದು ನಮ್ಮ ಜೊತೆ ನಿಲ್ಲಿ.

■ ನಮ್ಮ ಹಕ್ಕೊತ್ತಾಯಗಳು

1. ಅಂತಿಮ ಸೆಮಿಸ್ಟರ್‌ನ ಉತ್ತರ ಪತ್ರಿಕೆಯ ಪ್ರತಿಯನ್ನು ಕೇಳಿದ ಎಲ್ಲರಿಗೂ ಪುಟಕ್ಕೆ 2 ರೂಪಾಯಿಗಿಂತ ಹೆಚ್ಚಿಲ್ಲದ ಶುಲ್ಕದಲ್ಲಿ ಕೊಡಬೇಕು.

2. ಪ್ರತಿ ಪತ್ರಿಕೆಯ ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಅನ್ನು ಫಲಿತಾಂಶದ ಜೊತೆಗೇ ಪ್ರಕಟಿಸಬೇಕು.

3. ರೀವ್ಯಾಲ್ಯುಯೇಷನ್ ಗಡುವು ಫಲಿತಾಂಶದ ದಿನದಿಂದ ಬೇಡ. ಫೋಟೋಕಾಪಿ ಕೈಸೇರಿದ ದಿನದಿಂದ ಕನಿಷ್ಠ 10 ಕೆಲಸದ ದಿನ ಕೊಡಬೇಕು. ಈಗ ಮುಗಿಯುತ್ತಿರುವ ಗಡುವನ್ನು ಕೂಡಲೇ ವಿಸ್ತರಿಸಬೇಕು.

4. ಅಂಕ ಬದಲಾದ ಪತ್ರಿಕೆಯ ಪೂರ್ತಿ ಶುಲ್ಕವನ್ನು ವಿದ್ಯಾರ್ಥಿಗೆ ಹಿಂದಿರುಗಿಸಬೇಕು.

5. ‘ಆಬ್ಸೆಂಟ್’, ಕೂಡಿಕೆ ತಪ್ಪು, ತಿದ್ದದೆ ಬಿಟ್ಟ ಪುಟ, ಇವಕ್ಕೆ ಶುಲ್ಕವೇ ಇರಬಾರದು. 7 ದಿನದಲ್ಲಿ ಸರಿಪಡಿಸಬೇಕು.

6. ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು, ಕನ್ನಡ–ಇಂಗ್ಲಿಷ್ ವ್ಯತ್ಯಾಸಗಳನ್ನು ಪರಿಶೀಲಿಸಲು ಹೊರಗಿನ ವಿಷಯ ತಜ್ಞರ ಸಮಿತಿ ರಚಿಸಬೇಕು. ತಪ್ಪೆಂದು ಕಂಡುಬಂದರೆ ದೂರು ಕೊಟ್ಟವರಿಗಷ್ಟೇ ಅಲ್ಲ, ಆ ಪತ್ರಿಕೆ ಬರೆದ ಎಲ್ಲರಿಗೂ ಪರಿಹಾರ ಸಿಗಬೇಕು.

7. ಒಬ್ಬ ಮೌಲ್ಯಮಾಪಕರಿಗೆ ದಿನಕ್ಕೆ ಇಷ್ಟೇ ಪತ್ರಿಕೆ ಎಂಬ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಬಾಕಿ ಸಂಭಾವನೆ ಪಾವತಿಸಬೇಕು.

8. ಪರಿಷ್ಕೃತ ಫಲಿತಾಂಶ ಬರುವವರೆಗೆ ಸ್ನಾತಕೋತ್ತರ ಪ್ರವೇಶದಲ್ಲಿ ನಮಗೆ ತಾತ್ಕಾಲಿಕ ಅವಕಾಶ ಕೊಡಬೇಕು.

ಈ ಮನವಿಯನ್ನು ಕುಲಸಚಿವರು (ಮೌಲ್ಯಮಾಪನ) ಹೊರಗೆ ಬಂದು ಸ್ವೀಕರಿಸಬೇಕು. ಪ್ರತಿಗಳನ್ನು ಕುಲಪತಿಗಳಿಗೂ ಕುಲಾಧಿಪತಿಗಳಾದ ರಾಜ್ಯಪಾಲರಿಗೂ ಕಳಿಸುತ್ತೇವೆ. ಬಾಯಿಮಾತಿನ ಭರವಸೆ ಬೇಡ. ದಿನಾಂಕ ಹಾಕಿದ ಸುತ್ತೋಲೆ ಬೇಕು.

■ ಸೋಮವಾರದವರೆಗೆ ಕಾಯಬೇಡಿ, ಇವತ್ತೇ ಮಾಡಿ

• ಪೋರ್ಟಲ್‌ನಲ್ಲಿರುವ ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದಿನಾಂಕ, ಸಮಯ ಕಾಣುವಂತಿರಲಿ. ನಾಳೆ ಅದು ಬದಲಾಗಬಹುದು.

• ಹಾಲ್ ಟಿಕೆಟ್, ಪ್ರಶ್ನೆಪತ್ರಿಕೆ, ಶುಲ್ಕದ ರಸೀದಿ ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ.

• ‘ಆಬ್ಸೆಂಟ್’ ಬಂದವರು ಕಾಲೇಜಿನ ಹಾಜರಿ ಹಾಳೆಯ ದೃಢೀಕೃತ ಪ್ರತಿಗೆ ಪ್ರಿನ್ಸಿಪಾಲರಿಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

• ಮಾಹಿತಿ ಹಕ್ಕು ಅರ್ಜಿ ಹಾಕಿ. ಅಂಚೆ ಕಚೇರಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳೊಳಗೆ ಇರಬೇಕು. ಹೀಗೆ ಬರೆದರೆ ಸಾಕು:

“ಇಂತಹ ನೋಂದಣಿ ಸಂಖ್ಯೆಯ ನಾನು, ಇಂತಹ ದಿನ ಇಂತಹ ಕೋಡ್‌ನ ಪತ್ರಿಕೆ ಬರೆದಿದ್ದೇನೆ. ಮೌಲ್ಯಮಾಪನವಾದ ನನ್ನ ಉತ್ತರ ಪತ್ರಿಕೆಯ ಎಲ್ಲ ಪುಟಗಳ ಹಾಗೂ ಮುಖಪುಟದ ಅಂಕಪಟ್ಟಿಯ ದೃಢೀಕೃತ ಪ್ರತಿಯನ್ನು, ಪರೀಕ್ಷಕರ ಹೆಸರು ಮತ್ತು ಸಹಿ ಮರೆಮಾಡಿ, ಒದಗಿಸಬೇಕಾಗಿ ಕೋರುತ್ತೇನೆ.”

30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ನಿರಾಕರಿಸಿದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ತಡ ಮಾಡಬೇಡಿ. ಉತ್ತರ ಪತ್ರಿಕೆಗಳನ್ನು ಕಾದಿಡುವ ಅವಧಿ ಮುಗಿದರೆ ಅವು ವಿಲೇವಾರಿಯಾಗುತ್ತವೆ. ಆಮೇಲೆ ಹಕ್ಕಿದ್ದರೂ ನೋಡಲು ಪತ್ರಿಕೆ ಇರುವುದಿಲ್ಲ.

■ ಧರಣಿಗೆ ಬರುವವರ ಗಮನಕ್ಕೆ

ಗುರುತಿನ ಚೀಟಿ ತನ್ನಿ. ನಿಮ್ಮ ತೊಂದರೆಯನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ: ನೋಂದಣಿ ಸಂಖ್ಯೆ, ಪತ್ರಿಕೆಯ ಕೋಡ್, ಏನು ತಪ್ಪಾಗಿದೆ. ಸ್ಥಳದಲ್ಲೇ ಕಾಲೇಜುವಾರು ಪಟ್ಟಿ ಮಾಡಿ ಮನವಿಗೆ ಲಗತ್ತಿಸುತ್ತೇವೆ. ನೀರಿನ ಬಾಟಲಿ, ಮಧ್ಯಾಹ್ನದ ಬುತ್ತಿ ಜೊತೆಗಿರಲಿ. ಸುತ್ತೋಲೆ ಕೈಗೆ ಬರುವವರೆಗೆ ಏಳುವುದಿಲ್ಲ. ದೂರದ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿನಿಯರು ಗುಂಪಾಗಿ ಬನ್ನಿ. ಕತ್ತಲಾಗುವ ಮೊದಲು ಬಸ್‌ ನಿಲ್ದಾಣಕ್ಕೆ ತಲುಪಿಸುವ ಹೊಣೆ ಇಲ್ಲಿನ ಹಾಸ್ಟೆಲ್ ಗೆಳತಿಯರದು.

ಕಲ್ಲು ಎತ್ತುವಂತಿಲ್ಲ. ಗಾಜು, ಕುರ್ಚಿ, ಕಂಪ್ಯೂಟರ್ ಮುಟ್ಟುವಂತಿಲ್ಲ. ನಮ್ಮ ಉತ್ತರ ಪತ್ರಿಕೆಗಳು ಇರುವುದೂ ಆ ಕಟ್ಟಡದ ಒಳಗೇ. ಕೌಂಟರಿನ ಸಿಬ್ಬಂದಿಯನ್ನು, ಯಾವುದೇ ಅಧ್ಯಾಪಕರನ್ನು ಹೆಸರು ಹಿಡಿದು ನಿಂದಿಸುವಂತಿಲ್ಲ. ಪಕ್ಷದ ಬಾವುಟ ಬೇಡ. ಎಲ್ಲ ಸಂಘಟನೆಗಳ ಗೆಳೆಯರಿಗೂ ಸ್ವಾಗತ, ಆದರೆ ಎಲ್ಲರೂ ಕೂರುವುದು ಒಂದೇ ಬ್ಯಾನರಿನ ಕೆಳಗೆ.

ಪಾಸಾದ ಮಿತ್ರರೇ, ನಿಮಗೂ ಒಂದು ಮಾತು. ನಿಮ್ಮ 58 ನಿಜವಾಗಿ 66 ಇರಬಹುದು. ಇಲ್ಲದಿದ್ದರೂ, ನಾಳೆ ನಿಮ್ಮ ತಂಗಿ, ತಮ್ಮ ಇದೇ ವಿಶ್ವವಿದ್ಯಾಲಯದ ಇದೇ ಬುಕ್‌ಲೆಟ್‌ನಲ್ಲಿ ಬರೆಯುವವರೇ. ಪರೀಕ್ಷೆಯ ಮೇಲಿನ ನಂಬಿಕೆ ಹೋದರೆ ಪಾಸಾದವರ ಅಂಕಪಟ್ಟಿಗೂ ಬೆಲೆ ಇರುವುದಿಲ್ಲ. ಬನ್ನಿ.

ಗ್ರೇಸ್ ಬೇಡ, ನ್ಯಾಯ ಬೇಕು!
ಗಡುವು ವಿಸ್ತರಿಸಿ, ಶುಲ್ಕ ಇಳಿಸಿ!
ಕನ್ನಡದಲ್ಲಿ ಬರೆದವರಿಗೂ ಸಮಾನ ಪರೀಕ್ಷೆ ಬೇಕು!
ನಮ್ಮ ಉತ್ತರ ಪತ್ರಿಕೆ ನಮಗೆ ತೋರಿಸಿ!

ಸೋಮವಾರ ಬೆಳಿಗ್ಗೆ 10.30, ಪರೀಕ್ಷಾ ಭವನದ ಮುಂದೆ.
ಓದಿ, ಫೋಟೋ ತೆಗೆದು ನಿಮ್ಮ ಕ್ಲಾಸ್ ಗ್ರೂಪಿಗೆ ಹಾಕಿ. ಈ ಕರಪತ್ರವನ್ನು ಬಿಸಾಡದೆ ಇನ್ನೊಬ್ಬರ ಕೈಗೆ ಕೊಡಿ.

— ಅಂತಿಮ ವರ್ಷದ ಬಿ.ಎ., ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗಳು